ರೈಲ್ವೆ ಅಧ್ಯಕ್ಷರ ಮನೆಯ ಬಾಯ್ಲರ್ ಕೋಣೆ

ನಮ್ಮಲ್ಲಿ 'ರೈಲ್ವೆ ಮನೆ' ಅಂದ್ರೆ ಅರಸೀಕೆರೆಯ ಕ್ವಾರ್ಟರ್ಸ್. ತಾತ ಉಗಿ ಎಂಜಿನ್‌ನಲ್ಲಿ ಫೈರ್‌ಮನ್ ಆಗಿದ್ದರು. ಎರಡು ಕೋಣೆ, ಏಳು ಜನ. ಅಪ್ಪ ಬೆಳೆದದ್ದು ಅಲ್ಲೇ. ಆಫೀಸ್ ಕೆಲಸಕ್ಕೆ ಅಂತ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ ನನಗೆ, ಪಕ್ಕದ ಸೇಂಟ್ ಪಾಲ್‌ನಲ್ಲಿ ರೈಲ್ವೆ ಅಧ್ಯಕ್ಷರೊಬ್ಬರ ಮನೆ ಇದೆ ಅಂತ ಗೊತ್ತಾದಾಗ ಸುಮ್ಮನಿರೋಕೆ ಆಗಲಿಲ್ಲ. ಒಂದು ಶನಿವಾರ ಹೊರಟೇಬಿಟ್ಟೆ.

ಗ್ರೇಟ್ ನಾರ್ದರ್ನ್ ರೈಲ್ವೆಯ ಜೇಮ್ಸ್ ಜೆ. ಹಿಲ್ ಅವರ ಈ ಮನೆ ಮುಗಿದದ್ದು 1891ರಲ್ಲಿ. ಕೆಂಪು ಮರಳುಗಲ್ಲು, ದಪ್ಪ ಕಂಬಗಳು, ಅರೆವೃತ್ತದ ಕಮಾನುಗಳು. ದೂರದಿಂದ ಕೋಟೆ ಅಂದ್ರೂ ನಂಬಬಹುದು. 36,000 ಚದರಡಿ, 42 ಕೋಣೆ, 13 ಬಚ್ಚಲುಮನೆ, 22 ಅಗ್ಗಿಷ್ಟಿಕೆ. ಹಜಾರದ ಉದ್ದಕ್ಕೂ ಕೆತ್ತನೆಯ ಮರ. ಚಿತ್ರಶಾಲೆಗೆ ಗಾಜಿನ ಚಾವಣಿ, ಅಲ್ಲೇ ಒಂದು ಪೈಪ್ ಆರ್ಗನ್. ಈಗ ಇದು ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಕೈಯಲ್ಲಿದೆ.

ನಕ್ಷೆ ಮಾಡಿದ್ದು ಬಾಸ್ಟನ್‌ನ ಪೀಬಡಿ ಅಂಡ್ ಸ್ಟರ್ನ್ಸ್. ಕಲ್ಲುಕುಟಿಗರಿಗೆ ಹಿಲ್ ಕೊಟ್ಟ ಆದೇಶವನ್ನು ಅವರು ಲೆಕ್ಕಿಸಲಿಲ್ಲ ಅಂತ ಅರ್ಧದಲ್ಲೇ ತೆಗೆದುಹಾಕಿ, ಬೇರೆಯವರಿಂದ ಮನೆ ಮುಗಿಸಿದರಂತೆ. ಇಂಥ ಕ್ಲೈಂಟ್‌ಗಳು ನನಗೆ ಹೊಸಬರೇನಲ್ಲ! ಆದರೆ ಮನುಷ್ಯ ಜಾಣ. ವಿದ್ಯುತ್ ಆಗಿನ್ನೂ ಹೊಸದು, ಅದಕ್ಕೇ ದೀಪಗಳಿಗೆ ಗ್ಯಾಸ್, ಕರೆಂಟ್ ಎರಡೂ ಇದ್ದವು. ನಮ್ಮ ಭಾಷೆಯಲ್ಲಿ ಬ್ಯಾಕಪ್.

ನನ್ನನ್ನು ನಿಲ್ಲಿಸಿದ್ದು ಮಾತ್ರ ನೆಲಮಾಳಿಗೆ. ಮೇಲಿನ ಹೊಳಪು ಇಲ್ಲಿ ಒಂದಿಷ್ಟೂ ಇಲ್ಲ. ಕಪ್ಪು ಕಬ್ಬಿಣದ ಬಾಯ್ಲರ್‌ಗಳು. ಹೊರಗೆ ಹಿಮ ಸುರಿಯುವಾಗ ಇಡೀ ಮನೆ ಬೆಚ್ಚಗಿರಬೇಕಾದರೆ ಇಲ್ಲಿ ಯಾರೋ ಕಲ್ಲಿದ್ದಲು ಹಾಕುತ್ತಲೇ ಇರಬೇಕಿತ್ತು. ಆಳುಗಳಿಗೆ ಮೆಟ್ಟಿಲೂ ಬೇರೆ, ಹಿಂದುಗಡೆ. ಮುಂದಿನ ದೊಡ್ಡ ಮೆಟ್ಟಿಲಲ್ಲಿ ಅವರು ಅತಿಥಿಗಳ ಕಣ್ಣಿಗೆ ಬೀಳುವ ಪ್ರಶ್ನೆಯೇ ಇಲ್ಲ.

ಹೊರಗೆ ಬಂದು ಅಪ್ಪನಿಗೆ ಫೋಟೊ ಕಳಿಸಿದೆ. ಊರಲ್ಲಿ ರಾತ್ರಿ ಹತ್ತೂವರೆ. ಹಜಾರಕ್ಕೆ ಒಂದು ಥಂಬ್ಸ್ ಅಪ್ ಬಂತು. ಬಾಯ್ಲರ್‌ಗೆ ಫೋನೇ ಬಂತು.

"ಬೂದಿ ಯಾವ ಕಡೆಯಿಂದ ಹೊರಗೆ ಹಾಕ್ತಿದ್ರು, ಕೇಳಿದ್ಯಾ?"

ಕೇಳಿರಲಿಲ್ಲ.

"ನಿಮ್ಮ ತಾತ ಡ್ಯೂಟಿ ಮುಗಿಸ್ಕೊಂಡು ಹಿತ್ತಲ ಬಾಗಿಲಿಂದಲೇ ಬರೋರು ಕಣೋ. ಮಸಿ ಒಳಗೆ ಬರಬಾರದು ಅಂತ ಅಮ್ಮ ಅಲ್ಲೇ ಬಿಸಿನೀರು ಇಟ್ಟಿರೋಳು."

ಇಷ್ಟು ವರ್ಷದಲ್ಲಿ ಅಪ್ಪ ಇದನ್ನು ಹೇಳಿದ್ದು ಇದೇ ಮೊದಲು. ಗೈಡ್ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಬೂದಿಯ ವಿಷಯ ಕೇಳೋಣ ಅಂತ ವಾಪಸ್ ಹೋದೆ.