ಮಣ್ಣೆತ್ತಿಗೆ ಗುಲಗಂಜಿ ಕಣ್ಣು ಬೇಡ

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದರೆ ಕುಷ್ಟಗಿ, ಯಲಬುರ್ಗಾದ ಸಂತೆಗಳಲ್ಲಿ ಕುಂಬಾರರ ಜೋಡೆತ್ತು ಮಾರಾಟಕ್ಕೆ ಬರುತ್ತವೆ. ಕೊಂಡು ತನ್ನಿ, ಪೂಜೆ ಮಾಡಿ. ಆದರೆ ಮನೆಯಲ್ಲಿ ಎರಡು-ಮೂರು ವರ್ಷದ ಮಗುವಿದ್ದರೆ ಒಂದು ಮುದ್ದೆ ಎರೆಮಣ್ಣನ್ನು ಅದರ ಕೈಗೂ ಕೊಡಿ. ಕಲ್ಲು, ಗಾಜಿನ ಚೂರು ಇಲ್ಲದಂತೆ ಜರಡಿ ಹಿಡಿದ, ಗೊಬ್ಬರ, ಔಷಧಿ ಬೀಳದ ಜಾಗದ ಮಣ್ಣಾಗಿರಲಿ. ಎತ್ತೇ ಆಗಬೇಕೆಂದಿಲ್ಲ. ಬೆರಳೊತ್ತಿ ಕುಣಿ ಮಾಡಿದರೆ ಅದೇ ಎತ್ತು ಮೇವು ತಿನ್ನುವ ಗ್ವಾದಲಿ! ಮಣ್ಣು ಬಾಯಿಗೆ ಹಾಕುವ ಕೂಸಾದರೆ ನಾದಿದ ಜೋಳದ ಹಿಟ್ಟಿಗೆ ಚಿಟಿಕೆ ಅರಿಶಿನ ಬೆರೆಸಿ ಕೊಟ್ಟರಾಯಿತು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಎತ್ತಿನ ಕಣ್ಣಿಗೆ ಗುಲಗಂಜಿ ಇಡುವ ರೂಢಿ ಕೆಲವು ಕಡೆ ಇದೆ. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಚೆಂದ. ಅದರೊಳಗಿನ ಅಬ್ರಿನ್ ಘೋರ ವಿಷ. ಮಗು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮಣಿ, ಗುಂಡಿ, ಕಡಲೆಕಾಳೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕಡ್ಡಿಯಿಂದ ನೀವೇ ಎರಡು ಚುಕ್ಕೆ ಒತ್ತಿ, ಕಣ್ಣಾಯಿತು.

ಮಣ್ಣೆತ್ತಿನ ಆಟದಿಂದ ಮಗುವಿಗೆ ಗೊಂಬೆಗಳ ಮೇಲೆ ಆಸೆ ಹುಟ್ಟಿದರೆ, ಕೊಪ್ಪಳದ ಪಕ್ಕದಲ್ಲೇ ಕಿನ್ನಾಳವಿದೆ. ಹಗುರ ಮರ, ಹುಣಸೆಬೀಜದ ಅಂಟು, ಬಣ್ಣಗಳಿಂದ ಚಿತ್ರಗಾರರು ಗೊಂಬೆ ಮಾಡುವ ಊರು. ಗಂಗಾವತಿಯವರಿಗೂ ದೂರವೇನಲ್ಲ. ಮಕ್ಕಳನ್ನು ಕರೆದೊಯ್ದು ಆ ಕೈಗಳ ಕೆಲಸ ತೋರಿಸಿ.

ಈ ಸಲ ನಿಮ್ಮ ಮನೆಯ ಜಗಲಿಯ ಮೇಲೆ ಮಗು ಮಾಡಿದ ಸೊಟ್ಟ ಎತ್ತಿಗೂ ಜಾಗ ಕೊಡಿ. ಮಣ್ಣಾಡುವಷ್ಟು ಹೊತ್ತು ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಿ.