ಓದಾಕ ಕಳಿಸಿದ್ದು

ಕುಪ್ಪೇಲೂರಿನ ನಮ್ಮ ಕೇರಿಯಿಂದ ಡಿಗ್ರಿಗೆ ಹೋದ ಮೊದಲ ಹುಡುಗಿ ನಾನು. ಗೋವಿನಜೋಳದ ಹೊಲದಲ್ಲಿ ಕಳೆ ತೆಗೆದು ಕೂಡಿಟ್ಟ ರೊಕ್ಕದಲ್ಲಿ ಅವ್ವ ಟ್ರಂಕು ಕೊಡಿಸಿದ್ದಳು. ಕ್ಲಾಸಿನಲ್ಲಿ ಕೇರಿಯ ಹೆಸರು ಬಾಯಿಬಿಡದೆ ಒಂದು ವರ್ಷ ಕಳೆದೆ.

ಎರಡನೇ ವರ್ಷ ಐಚ್ಛಿಕ ಕನ್ನಡದಲ್ಲಿ ದಲಿತ ಸಾಹಿತ್ಯ ಬಂತು. ಸರ್ 1973ರ ಬೂಸಾ ಗಲಾಟೆಯಿಂದ ಶುರು ಮಾಡಿದರು. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಅಂದರಂತೆ. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರು ಅವರು. ಕಾಲೇಜು ಹುಡುಗರು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು, ಹುಟ್ಟಿದ್ದು ಹರಿಹರದಲ್ಲಿ. ಹರಿಹರವೆಂದರೆ ನಮಗೆ ಹೊಳೆಯಾಚೆಯ ಊರು! ಗೌಡರ ಎಮ್ಮೆಗೆ ಅವ್ವ ನೆನೆಹಾಕುತ್ತಿದ್ದ ಬೂಸಾಕ್ಕೆ ಇಷ್ಟು ದೊಡ್ಡ ಕಥೆಯಿದೆಯೆಂದು ನನಗೆ ತಿಳಿದಿರಲಿಲ್ಲ. ಅಂದು ಎದ್ದುನಿಂತು, ನಾನೂ ಕೇರಿಯವಳೇ ಸರ್ ಅಂದೆ. ಕಾಲು ನಡುಗುತ್ತಿತ್ತು.

ಆ ಬ್ಯಾಸಿಗಿಗೆ ನಮ್ಮ ಹಾಸ್ಟೆಲಿನ ನಳ ಬತ್ತಿತು. ಸ್ನಾನವಿಲ್ಲ, ಮುಟ್ಟಾದ ದಿನಗಳಲ್ಲಂತೂ ನರಕ. ಮೂರು ಸಲ ಮನವಿ ಕೊಟ್ಟೆವು. ಕಡೆಗೆ ಕಚೇರಿಯ ಮುಂದೆ ಕೊಡ ಇಟ್ಟುಕೊಂಡು ಧರಣಿ ಕೂತೆವು, ಹನ್ನೊಂದು ಹುಡುಗಿಯರು. ಎರಡನೇ ರಾತ್ರಿ ಅಡ್ಡಮಳೆ ಹೊಡೆಯಿತು, ನನಗೆ ಜ್ವರ ಏರಿತು. ಯಾರೋ ಊರಿಗೆ ಫೋನ್ ಮಾಡಿದ್ದರು. ಬೆಳಿಗ್ಗೆ ಅಪ್ಪ ಬಂದ.

“ಓದಾಕ ಕಳಿಸೀನೋ, ಒದರಾಕ ಕಳಿಸೀನೋ?”

ನಾನು ಬರಿಗೊಡ ಬೋರಲು ಹಾಕಿ ತೋರಿಸಿದೆ. ಅವನು ಮತ್ತೇನೂ ಅನ್ನಲಿಲ್ಲ. ಸಂಜೆಯ ಬಸ್ಸಿಗೆ ಹೊರಡುವಾಗ ಹೆಗಲ ಮೇಲಿನ ಕಂಬಳಿ ನನಗೆ ಹೊದಿಸಿ ಹೋದ.

ನಾಲ್ಕನೇ ದಿನ ಟ್ಯಾಂಕರ್ ಬಂತು. ತಿಂಗಳೊಳಗೆ, ಶಿಸ್ತು ಮೀರಿದಿರೆಂದು ನನ್ನದೂ ಸೇರಿ ನಮ್ಮಲ್ಲಿ ನಾಲ್ವರ ಹೆಸರು ಹಾಸ್ಟೆಲಿನಿಂದ ತೆಗೆದರು. ಬೂಸಾ ಗಲಾಟೆಯ ಆ ಪಾಠವೇ ಹುಡುಗಿಯರ ತಲೆ ಕೆಡಿಸಿತೆಂದು ಸರ್ ಮೇಲೂ ದೂರು ಹೋಯಿತು. ನಳದಲ್ಲಿ ನೀರಿಲ್ಲದ್ದು ಪಾಠಕ್ಕೆ ಮೊದಲೂ ನಮಗೆ ಗೊತ್ತಿತ್ತು. ಅದನ್ನು ಕೇಳಬಹುದೆಂಬುದು ಗೊತ್ತಿರಲಿಲ್ಲ.

ಕೊನೆಯ ವರ್ಷ ಊರಿನಿಂದಲೇ ಓಡಾಡಿದೆ. ನಸುಕಿನ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ಹೋಯಿತು, ಹಾಜರಿಯೂ ಹೋಯಿತು. ಒಂದು ವಿಷಯ ಉಳಿಯಿತು, ಮತ್ತೆ ಕಟ್ಟಿ ಪಾಸಾದೆ.

ಮರುವರ್ಷ ಹಾಸ್ಟೆಲಿನ ಇಬ್ಬರು ಹುಡುಗಿಯರು ವಿಳಾಸ ಕೇಳಿಕೊಂಡು ಕೇರಿಗೇ ಬಂದರು. ಅಕ್ಕಾ, ಮನವಿ ಹೆಂಗ ಬರೀಬೇಕು ಅಂದರು. ನಾನು ಹಾಳೆ ಹುಡುಕುವಷ್ಟರಲ್ಲಿ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದ್ದಳು.