ಮೂಡಿಗೆರೆಯ ತಂಗಿಗೆ, ಕಾಫಿ ರೋಸ್ಟರ್ ವಿಚಾರವಾಗಿ

ಮೈಸೂರು, ಭಾನುವಾರ

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ ಎರಡೂ ಕೊಟೇಶನ್ ನೋಡಿದೆ. ಒಂದು ಕೆ.ಜಿ.ಯ ಆ ಕರೆಂಟಿನ ಮೆಷಿನ್ ಚೆಂದವೇನೋ ಇದೆ. ಅಡುಗೆಕಟ್ಟೆ ಮೇಲೂ ಕೂರುತ್ತೆ, ಗಾಜಿನ ಕಿಂಡಿ, ಸ್ಕ್ರೀನು ಎಲ್ಲ ಇದೆ. ಆದರೂ ನನ್ನ ಓಟು ಮೂರು ಕೆ.ಜಿ.ಯ ಗ್ಯಾಸ್ ಡ್ರಮ್ಮಿಗೆ. ನಿನ್ನ ಭಾವನನ್ನು ಕೇಳಿದರೆ ಹದಿನೈದು ಕೆ.ಜಿ.ಯದೇ ತಗೊಳ್ಳಲಿ ಅಂತಾರೆ. ಅವರು ಕೊಡಬೇಕಾದ್ದು ಸಲಹೆ ಮಾತ್ರ, ದುಡ್ಡಲ್ಲವಲ್ಲ!

ಲೆಕ್ಕ ನೋಡು. ಹೋಂಸ್ಟೇಗಳು, ನಿಮ್ಮ ಸ್ಟಾಫ್ ರೂಮು, ನೆಂಟರಿಷ್ಟರು ಎಲ್ಲ ಸೇರಿ ತಿಂಗಳಿಗೆ 60 ಕೆ.ಜಿ. ಕಾಫಿಪುಡಿ ಖರ್ಚಾಗಬಹುದು ಅಂದಿದ್ದೆ. ಹುರಿದಾಗ ಬೀಜದ ತೂಕ ನೂರಕ್ಕೆ 15–16ರಷ್ಟು ಇಳಿಯುತ್ತೆ, ಕಪ್ಪಗೆ ಹುರಿದರೆ ಇನ್ನೂ ಜಾಸ್ತಿ. ಅಂದರೆ 71 ಕೆ.ಜಿ. ಹಸಿ ಬೀಜ ಹುರಿಯಬೇಕು. ಒಂದು ಕೆ.ಜಿ. ಅಂತ ಹಣೆಪಟ್ಟಿ ಇರೋ ಮೆಷಿನಿಗೆ 800 ಗ್ರಾಂ ಹಾಕಿದರೇನೇ ಹದ ಸಿಗೋದು. ಹಾಗೆ ಹೆಚ್ಚುಕಡಿಮೆ 90 ಬ್ಯಾಚ್, ಗಂಟೆಗೆ ನಾಲ್ಕರಂತೆ 22 ಗಂಟೆ. ಶಾಲೆಗೆ ಹೋಗೋಳು ನೀನು, ಇರೋದು ನಾಲ್ಕು ಭಾನುವಾರ. ಮೂರು ಕೆ.ಜಿ.ಯದರಲ್ಲಿ ಎರಡೂವರೆ ಹಾಕಿದರೆ 29 ಬ್ಯಾಚ್, ಗಂಟೆಗೆ ಮೂರು ಅಂತ ಹಿಡಿದರೂ ಹತ್ತು ಗಂಟೆಯೊಳಗೆ ಮುಗಿಯುತ್ತೆ. ಹಾಗಂತ ದೊಡ್ಡದಕ್ಕೆ ಹೋದರೆ ಬೇರೆ ತೊಂದರೆ. ಹದಿನೈದು ಕೆ.ಜಿ. ಡ್ರಮ್ಮಿನಲ್ಲಿ ಎರಡು ಕೆ.ಜಿ. ಹಾಕಿದರೆ ಉಷ್ಣಮಾಪಕದ ತುದಿಯನ್ನು ಬೀಜ ಮುಚ್ಚೋದೇ ಇಲ್ಲ. ಅದು ಬರೀ ಗಾಳಿಯ ಬಿಸಿ ತೋರಿಸುತ್ತೆ, ನೀನು ಅದನ್ನೇ ನಂಬಿ ಕೂತಿರುತ್ತೀಯ.

ಇನ್ನು ಕರೆಂಟು. ಆಷಾಢದಲ್ಲಿ ಮರ ಬಿದ್ದು ಲೈನು ಹೋದರೆ ನಿಮ್ಮಲ್ಲಿ ಯಾವಾಗ ಬರುತ್ತೆ ಅನ್ನೋದು ನನಗಿಂತ ನಿನಗೇ ಗೊತ್ತು. ಸುಮಾರು 200 ಡಿಗ್ರಿ ಮುಟ್ಟಿದ ಬೀಜ ಡ್ರಮ್ಮಿನಲ್ಲಿರುವಾಗ ತಿರುಗೋದು ನಿಂತರೆ ತಳದಲ್ಲಿರೋದು ಕರಕಲಾಗುತ್ತೆ, ಅದೃಷ್ಟ ಕೆಟ್ಟರೆ ಬೆಂಕಿಯೇ ಹಿಡಿಯುತ್ತೆ. ಗ್ಯಾಸಿನ ಮೆಷಿನಿನಲ್ಲಿ ಕರೆಂಟು ತಿನ್ನೋದು ಡ್ರಮ್ಮಿನ ಮೋಟರು, ಫ್ಯಾನು ಅಷ್ಟೇ. ಅದನ್ನೊಂದು ಸುಮಾರಾದ ಇನ್ವರ್ಟರ್ ತಡೆದುಕೊಳ್ಳುತ್ತೆ. ಕಾವನ್ನೇ ಕರೆಂಟಿನಿಂದ ಪಡೆಯೋ ಮೆಷಿನಿಗೆ ಆ ಭಾಗ್ಯ ಇಲ್ಲ. ಡ್ರಮ್ಮನ್ನು ಕೈಯಿಂದ ತಿರುಗಿಸೋಕೆ ಹಿಡಿಕೆ ಇದೆಯಾ, ಮೋಟರು ನಿಂತರೆ ಗ್ಯಾಸ್ ತಾನಾಗಿ ಬಂದ್ ಆಗುತ್ತಾ, ಇವೆರಡನ್ನೂ ಕೇಳದೆ ಅಡ್ವಾನ್ಸ್ ಕೊಡಬೇಡ. ಸಿಲಿಂಡರ್ ಮಾತ್ರ 19 ಕೆ.ಜಿ.ಯ ನೀಲಿಯದೇ ಆಗಬೇಕು, ಮನೆಯ ಕೆಂಪು ಸಿಲಿಂಡರನ್ನು ಎಳೆದು ತರೋ ಹಾಗಿಲ್ಲ.

ಕೊಟೇಶನ್ನಿನಲ್ಲಿ ಯಾರೂ ಬರೆಯದ ಒಂದು ಸಂಗತಿ ಹೇಳುತ್ತೇನೆ. ಸಣ್ಣ ಮೆಷಿನ್‌ಗಳಲ್ಲಿ ಎಷ್ಟೋ ಸಲ ಒಂದೇ ಫ್ಯಾನ್ ಇರುತ್ತೆ. ಡ್ರಮ್ಮಿನ ಹೊಗೆ ಎಳೆಯೋದೂ ಅದೇ, ಹೊರಗೆ ಸುರಿದ ಬೀಜ ತಣಿಸೋದೂ ಅದೇ. ನಮ್ಮ ಅಂಗಡಿಯಲ್ಲಿ ನೀನೇ ನೋಡಿದ್ದೀಯ: ಬೀಜ ಮೊದಲು ಹುಲ್ಲಿನ ವಾಸನೆ ಬಿಟ್ಟು, ಹಳದಿಗೆ ತಿರುಗಿ, ಆಮೇಲೆ ಚಟಚಟ ಸಿಡಿಯೋಕೆ ಶುರುವಾಗುತ್ತೆ. ಅಲ್ಲಿಂದ ಮುಂದೆ ಅರ್ಧ ನಿಮಿಷಕ್ಕೂ ರುಚಿ ಬೇರೆ. ಬಾಗಿಲು ಎತ್ತಿ ಸುರಿದ ಮೇಲೂ ಬೀಜ ತನ್ನ ಕಾವಿನಲ್ಲೇ ಬೇಯುತ್ತಿರುತ್ತೆ, ಮೂರು ನಾಲ್ಕು ನಿಮಿಷದೊಳಗೆ ಕೈಗೆ ತಣ್ಣಗೆ ಸಿಗಬೇಕು. ಒಂದೇ ಫ್ಯಾನಾದರೆ ಬೀಜ ತಣಿಯೋವರೆಗೂ ಮುಂದಿನ ಬ್ಯಾಚ್ ಹಾಕೋ ಹಾಗಿಲ್ಲ. ಹಾಕಿದರೆ ತಣಿಸೋ ಗಾಳಿ ಡ್ರಮ್ಮಿಗೂ ಹಂಚಿಹೋಗಿ ಎರಡೂ ಕೆಡುತ್ತವೆ. ತಣಿಸೋ ತಟ್ಟೆಗೆ ಬೇರೆಯೇ ಮೋಟರು, ಬೇರೆಯೇ ಫ್ಯಾನು ಬೇಕು ಅಂತ ಬರವಣಿಗೆಯಲ್ಲಿ ತಗೊ. ಮೈಮೇಲಿನ ಬಣ್ಣ, ಹಿತ್ತಾಳೆ ಕೊಳವೆ, ಕಂಪ್ಯೂಟರಿನ ಗ್ರಾಫು ಎಲ್ಲ ಇದರ ನಂತರ.

ಹೊಗೆಯ ವಿಷಯ ಅತ್ತೆಯವರ ಜೊತೆ ಈಗಲೇ ಮಾತಾಡಿಕೊ. ಮೆಷಿನ್ ಇಡೋಕೆ ಹಿತ್ತಲ ಶೆಡ್ಡೇ ಆಗಬೇಕು. ಚಿಮಣಿ ನೆಟ್ಟಗಿರಲಿ, ತಿರುವು ಕಡಿಮೆ ಇರಲಿ. ಬೀಜದಿಂದ ಹಾರೋ ತೆಳು ಹೊಟ್ಟೂ ಎಣ್ಣೆಜಿಡ್ಡೂ ಕೊಳವೆಯೊಳಗೆ ಕೂತು ಬೆಂಕಿಗೆ ದಾರಿ ಮಾಡುತ್ತವೆ. ಕಳಚಿ ತೊಳೆಯೋಕೆ ಬರೋ ಹಾಗೆ ಜೋಡಿಸೋಕೆ ಹೇಳು.

ಇರೋ ದುಡ್ಡನ್ನೆಲ್ಲ ರೋಸ್ಟರಿಗೇ ಸುರಿಯಬೇಡ ಮಾರಾಯ್ತಿ. ನಮ್ಮ ಜನ ಬೀಜ ಕೊಳ್ಳಲ್ಲ, ಪುಡಿ ಕೊಳ್ಳುತ್ತಾರೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಸರಿಯಾಗಿ ಇಳಿಯಬೇಕಾದರೆ ಒಳ್ಳೆ ಗ್ರೈಂಡರ್ ಬೇಕು, ಪೊಟ್ಟಣ ಸೀಲ್ ಮಾಡೋ ಯಂತ್ರ ಬೇಕು. ಚಿಕೋರಿ ಕೇಳೋರೂ ಬಂದೇ ಬರುತ್ತಾರೆ. ಅದನ್ನು ಹುರಿದಿದ್ದೇ ತಂದು ಪುಡಿಗೆ ಬೆರೆಸು. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಆಗಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಹಾಕಲೇಬೇಕು. ಎಫ್‌ಎಸ್‌ಎಸ್‌ಎಐ ನೋಂದಣಿ ಹೇಗೂ ಮಾಡಿಸಬೇಕು. ಸಣ್ಣ ಆಹಾರ ಉದ್ಯಮಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ನೂರಕ್ಕೆ 35, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇಟ್ಟಿದ್ದರು, ಈಗಲೂ ಇದೆಯಾ ನೋಡು. ಅದು ಬ್ಯಾಂಕ್ ಸಾಲದ ಜೊತೆಗೇ ಬರೋದು, ಆದ್ದರಿಂದ ಮೆಷಿನ್ ಕೊಳ್ಳೋ ಮೊದಲೇ ವಿಚಾರಿಸು. ಬೇಸಿಗೆ ರಜೆಗೆ ಬೆಂಗಳೂರಿನ ಕಾಫಿ ಬೋರ್ಡಿನವರ ‘ಕಾಪಿ ಶಾಸ್ತ್ರ’ ತರಬೇತಿಗೂ ಹೆಸರು ಕೊಡು.

ತೋಟದ್ದೇ ಬೀಜ ಅಂತ ಬಿಟ್ಟಿ ಲೆಕ್ಕ ಹಾಕಬೇಡ. ರೊಬಸ್ಟಾ ಚೆರ್ರಿ ಮೂಟೆಗೆ ಔಟ್‌ಟರ್ನ್, ಅಂದರೆ ಕೈಗೆ ಸಿಗೋ ಕ್ಲೀನ್ ಬೀಜ, ಅರ್ಧದ ಆಸುಪಾಸು, ಅದರ ಮೇಲೆ ಹುರಿಯೋ ನಷ್ಟ ಬೇರೆ. ಮಂಡಿಯಲ್ಲಿ ಆ ದಿನ ಏನು ರೇಟು ಸಿಗುತ್ತಿತ್ತೋ ಅದೇ ರೇಟಿಗೆ ನಿನ್ನಿಂದ ನೀನೇ ಕೊಂಡೆ ಅಂತ ಬರೆದಿಟ್ಟುಕೊ. ಇಲ್ಲದಿದ್ದರೆ ಲಾಭ ಬಂದದ್ದು ಕಾಫಿಪುಡಿಯಿಂದಲೋ ತೋಟದಿಂದಲೋ ಗೊತ್ತೇ ಆಗಲ್ಲ.

ಬೆಂಗಳೂರಿನ ಪೀಣ್ಯಕ್ಕೆ ಮೆಷಿನ್ ನೋಡೋಕೆ ಹೋಗುವಾಗ ಅವರ ಬೀಜ ನಂಬಬೇಡ. ನಿನ್ನದೇ 10 ಕೆ.ಜಿ. ಕ್ಲೀನ್ ಮಾಡಿಸಿದ್ದು ಒಯ್ಯಿ, ನಡುವೆ ಬಿಡುವಿಲ್ಲದೆ ನಾಲ್ಕು ಬ್ಯಾಚ್ ಹುರಿಸು. ಮೊದಲನೆಯದು ಕಾವಲಿಯ ಮೊದಲ ದೋಸೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಎರಡನೆಯದೂ ನಾಲ್ಕನೆಯದೂ ಬಣ್ಣದಲ್ಲಿ, ಹೊತ್ತಿನಲ್ಲಿ, ತೂಕದಲ್ಲಿ ಒಂದೇ ಥರ ಬಂದರೆ ಮಾತ್ರ ಮುಂದಿನ ಮಾತು. ಬೇರಿಂಗ್ ಹೋದರೆ ಮೂಡಿಗೆರೆಗೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆ ಅಂತಲೂ ಕೇಳಿ ಬರೆಸಿಕೊ. ನಾಲ್ಕೂ ಬ್ಯಾಚಿನಿಂದ ಕಾಲು ಕಾಲು ಕೆ.ಜಿ. ಬೇರೆ ಬೇರೆ ಕಟ್ಟಿ, ನಂಬರ್ ಹಾಕಿ ಬಸ್ಸಿಗೆ ಕಳಿಸು. ನಾನು ಕುಡಿದು ನೋಡಿ ಹೇಳುವವರೆಗೆ ಚೆಕ್ ಬರೆಯಬೇಡ.

ಇಂತಿ ನಿನ್ನ
ಅಕ್ಕ